ಸೂಜಿ ಕೂಸಿಗೆ, ಬಳೆ ತಾಯಿಗೆ

ಸಕಲ ಜೀವರ ಹೃದಯದಲ್ಲಿ ನೆಲೆಸಿ, ಯಾರಿಗೂ ಗೊತ್ತಾಗದಂತೆ ಅವರವರ ಬುದ್ಧಿಯನ್ನು ಪ್ರೇರಿಸುವ ಶ್ರೀಹರಿಗೆ ಮೊದಲ ನಮಸ್ಕಾರ. ಬೆಳಗಿನ ಜಾವದಲ್ಲಿ ಎಬ್ಬಿಸಿ, ತಣ್ಣೀರಿನ ಸ್ನಾನ ಮಾಡಿಸಿ, ಶಬ್ದರೂಪಗಳನ್ನು ಕಂಠಪಾಠ ಮಾಡಿಸಿದ ಗುರುಗಳಿಗೆ ಎರಡನೆಯ ನಮಸ್ಕಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳಲ್ಲಿ ಸೇವೆಯುದ್ದಕ್ಕೂ ನನ್ನನ್ನು ಸಹಿಸಿಕೊಂಡ ತಾಯಂದಿರಿಗೆ ಮೂರನೆಯ ನಮಸ್ಕಾರ. ನ್ಯಾಯವಾಗಿ ನೋಡಿದರೆ ಇದೇ ದೀರ್ಘದಂಡವಾಗಬೇಕು. ಶ್ರೀಹರಿಯು ಒಳಗೆ ಕುಳಿತು ಯಾವ ಪ್ರತಿಫಲವನ್ನೂ ಬಯಸದೆ ಮಾಡುವ ಪ್ರೇರಣೆಯ ಕೆಲಸವನ್ನು ನಾನು ಹೊರಗೆ ನಿಂತು, ಸಂಬಳ ಪಡೆದು ಮಾಡಿದವನು. ಅವನ ಕೆಲಸ ತಪ್ಪಿಲ್ಲದೆ ನಡೆಯುತ್ತದೆ. ನನ್ನ ಕೆಲಸ ಹೇಗೆ ನಡೆಯಿತೆಂಬುದನ್ನು, ಈಗ ಈ ವೃತ್ತಿಗೆ ಕಾಲಿಡುತ್ತಿರುವ ಕಿರಿಯರ ಅವಗಾಹನೆಗಾಗಿ ಬರೆಯುತ್ತಿದ್ದೇನೆ.

ನನ್ನ ಹುದ್ದೆಯ ಹೆಸರು ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿ. ಹೆಸರಿನಲ್ಲಿ ಶಿಕ್ಷಣವಿತ್ತು, ಅದಕ್ಕೆ ಸಮಯ ಬೇಕಾಗಿತ್ತು. ಅಧಿಕಾರವೂ ಇತ್ತು, ಅದನ್ನು ಯಾರೂ ಕೊಟ್ಟಿರಲಿಲ್ಲ. ಎರಡೂ ಇಲ್ಲದವನು ಉಪಾಯಕ್ಕೆ ಶರಣಾಗುತ್ತಾನೆ. ಇಂಥ ಉಪಾಯಗಳಿಗೆ ಈಗಿನ ತರಬೇತಿಗಳಲ್ಲಿ ‘ನಡ್ಜ್’ ಎನ್ನುತ್ತಾರೆ. ಮೊಣಕೈಯಿಂದ ಮೆಲ್ಲಗೆ ತಿವಿಯುವುದು ಎಂದು ಅದರ ಅರ್ಥವಂತೆ. ಕಾನೂನು ಮಾಡದೆ, ದಂಡ ಹಾಕದೆ, ಜನರು ತಾವಾಗಿಯೇ ಸರಿದಾರಿಗೆ ಬಂದರೆಂದು ತೋರುವಂತೆ ಏರ್ಪಾಡು ಮಾಡುವುದು. ನಮ್ಮ ಕಾಲದಲ್ಲಿ ಆ ಪದವಿರಲಿಲ್ಲ. ತಿವಿತ ಮಾತ್ರ ಧಾರಾಳವಾಗಿತ್ತು. ಅಂಥದೊಂದು ತಿವಿತದಿಂದಾಗಿ ಮುದ್ದೇಬಿಹಾಳ ತಾಲೂಕಿನ ಹಳ್ಳಿಯೊಂದರಲ್ಲಿ ಒಂದು ಹೆಣ್ಣುಕೂಸು ದಡಾರದ ಚುಚ್ಚುಮದ್ದಿಲ್ಲದೆ ಉಳಿಯುವುದರಲ್ಲಿತ್ತು. ಅದನ್ನು ಹೇಳುವುದಕ್ಕೆಂದೇ ಕುಳಿತಿದ್ದೇನೆ. ಆದರೆ ಅಲ್ಲಿಗೆ ಮುಟ್ಟಲು ಇಂಡಿ, ಸಿಂದಗಿಗಳನ್ನು ಹಾದೇ ಹೋಗಬೇಕು. ನಾನು ಒಂದೇ ದಿನದಲ್ಲಿ ಅಷ್ಟು ಜಾಣನಾದವನಲ್ಲ.

ಇಂಡಿ ತಾಲೂಕಿನ ಒಂದು ಊರಿನಲ್ಲಿ ನಮ್ಮ ಆರೋಗ್ಯ ಉಪಕೇಂದ್ರವಿತ್ತು. ನಿಂಬೆಹಣ್ಣಿನ ಚೀಲ ಹೇರಿದ ಟೆಂಪೋಗಳು ಅದರ ಹಿಂಭಾಗದಲ್ಲಿ ನಿಲ್ಲುತ್ತಿದ್ದವು. ಇಳಿದವರು ಇಳಿದಂತೆಯೇ ನಮ್ಮ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಒಳಗೆ ಬಾಣಂತಿಯರು ಮೂಗಿಗೆ ಸೆರಗು ಹಿಡಿದು ಕೂರುವಂಥ ಪರಿಸ್ಥಿತಿ. ‘ಇಲ್ಲಿ ಮೂತ್ರ ವಿಸರ್ಜಿಸಬಾರದು’ ಎಂದು ಬರೆಯಿಸಿದೆ. ಅಕ್ಷರ ಬಲ್ಲವರು ಅದನ್ನು ಓದುತ್ತ ವಿಸರ್ಜಿಸಿದರು. ಕೊನೆಗೆ ಒಬ್ಬ ಪೇಂಟರನನ್ನು ಕರೆಸಿ, ಗದೆ ಹಿಡಿದ ಪ್ರಾಣದೇವರ ಚಿತ್ರವನ್ನು ಆಳೆತ್ತರಕ್ಕೆ ಬರೆಯಿಸಿದೆ. ವಾರದೊಳಗೆ ಗೋಡೆ ಒಣಗಿತು. ಮೇಲಧಿಕಾರಿಗಳು ಬೆನ್ನು ತಟ್ಟಿದರು.

ಆ ಸಂತೋಷವನ್ನು ಮನೆಯಲ್ಲಿ ನಿವೇದಿಸಿದಾಗ ನನ್ನ ಧರ್ಮಪತ್ನಿ ತುಳಸಿಕಟ್ಟೆಗೆ ನೀರೆರೆಯುತ್ತಿದ್ದಳು. ತಂಬಿಗೆ ಕೆಳಗಿಟ್ಟು ಕೇಳಿದಳು:

“ಅಲ್ರೀ, ದಿನಾ ಮುಂಜಾನೆ ನೀವು ದೇವರ ಮುಂದ ಕೈ ಮುಗದು ನಿಂದ್ರತೀರಿ. ಈಗ ಅದೇ ದೇವರನ್ನ ಒಯ್ದು ಉಚ್ಚಿ ಗ್ವಾಡಿ ಕಾಯ್ಲಿಕ್ಕೆ ಹಚ್ಚೀರಿ. ಪಾಳಿ ಎಷ್ಟು ತಾಸಿಂದ್ರಿ? ರಜಾ ಗಿಜಾ ಏನರ ಕೊಟ್ಟೀರೋ ಇಲ್ಲೋ?”

ಉತ್ತರವನ್ನು ಆ ಊರೇ ಕೊಟ್ಟಿತು. ಎರಡನೆಯ ತಿಂಗಳಲ್ಲಿ ಯಾರೋ ದೀಪ ಹಚ್ಚಿದರು. ಮೂರನೆಯ ತಿಂಗಳಲ್ಲಿ ಶನಿವಾರದ ಸರತಿ ಸಾಲು ಆರಂಭವಾಯಿತು. ಎಣ್ಣೆ, ಬೆಲ್ಲ, ತೆಂಗಿನ ನೀರುಗಳಿಗೆ ನೊಣಗಳು ಮುತ್ತಿ, ಅಲ್ಲಿಂದ ಬಾಣಂತಿಯರ ಕೋಣೆಗೂ ಬಂದವು. ಗೋಡೆಯ ಬದಿಗೆ ಚರಂಡಿ ತೋಡಲು ಹೋದರೆ “ಗುಡಿ ಮುಂದ ಗಟಾರ ತಗೀತೀರೇನು?” ಎಂದು ಜನ ಅಡ್ಡ ನಿಂತರು. ಟೆಂಪೋದವರು ನಾಲ್ಕು ಹೆಜ್ಜೆ ಆಚೆಗಿನ ಶಾಲೆಯ ಗೋಡೆಯನ್ನು ಆಶ್ರಯಿಸಿದ್ದರು. ಅಲ್ಲೊಂದು ಮೂತ್ರಾಲಯ ಕಟ್ಟಿಸಿದ್ದರೆ ಸಾಕಿತ್ತು ಎಂಬ ಯೋಚನೆ ಆ ಗಲಾಟೆಯಲ್ಲಿ ಯಾರಿಗೂ ಬರಲಿಲ್ಲ. ಶಿಕ್ಷಣಾಧಿಕಾರಿಗಂತೂ ಬರಲೇ ಇಲ್ಲ.

ಸಿಂದಗಿಗೆ ಬಂದಾಗ ನನ್ನ ಜಾಣತನ ಗೋಡೆಯಿಂದ ಕಾಗದಕ್ಕೆ ಇಳಿದಿತ್ತು. ಅಲ್ಲಿ ನೇತ್ರ ತಪಾಸಣೆಯ ಶಿಬಿರ ನಡೆಸಿದೆವು. ಕನ್ನಡಕ ಬೇಕಾದವರು ಒಂದು ಅರ್ಜಿಗೆ ಹೆಬ್ಬೆಟ್ಟು ಒತ್ತಬೇಕು. ಆ ಅರ್ಜಿಯ ಕೆಳಭಾಗದಲ್ಲಿ, ಮರಣಾನಂತರ ನೇತ್ರದಾನಕ್ಕೆ ಒಪ್ಪಿಗೆಯಿದೆ ಎಂಬ ಸಾಲನ್ನೂ, ಅದರ ಮುಂದಿನ ಚೌಕದಲ್ಲಿ ಸರಿ ಗುರುತನ್ನೂ ಮೊದಲೇ ಅಚ್ಚು ಹಾಕಿಸಿದ್ದೆ. ಬೇಡವೆನ್ನುವವರು ಹೊಡೆದುಹಾಕಬಹುದಾಗಿತ್ತು. ಕಣ್ಣು ಕಾಣದೆ ಕನ್ನಡಕಕ್ಕೆ ಬಂದವರು ಆ ಚೌಕವನ್ನು ಹೇಗೆ ಕಂಡಾರು ಎಂದು ಕೇಳಬೇಡಿ. ಆಗ ಯಾರೂ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿದವರೆಲ್ಲರೂ ಅಕ್ಷಿದಾನಿಗಳಾದರು.

ಎಂಟು ದಿನಗಳ ನಂತರ ದೇವರ ಹಿಪ್ಪರಗಿಯ ಕಡೆಯಿಂದ ಸಂಗಪ್ಪನೆಂಬ ವೃದ್ಧರು ಹೊಸ ಕನ್ನಡಕ ಧರಿಸಿ, ಬಸ್ಸಿಳಿದು ನೇರವಾಗಿ ನನ್ನ ಮೇಜಿನೆದುರು ಬಂದು ನಿಂತರು.

“ಸಾಹೇಬ್ರ, ನನ್ನ ಕಣ್ಣ ವಾಪಸ್ ಕೊಡ್ರಿ.”

“ಕಣ್ಣು ನಿನ್ನ ಹತ್ರನೇ ಅದಾವಲ್ಲೋ ಅಜ್ಜಾ.”

“ಮಾರಿ ಮ್ಯಾಲ ಅದಾವ್ರಿ, ಖರೆ. ಕಾಗದದಾಗ ಸರಕಾರಕ್ಕ ಹೋಗ್ಯಾವಂತ. ನನ್ನ ಮೊಮ್ಮಗಳು ಓದಿ ಹೇಳಿದ್ಲು.”

“ಅದು ಸತ್ತ ಮ್ಯಾಲೆ ಅಜ್ಜಾ.”

“ಸತ್ತ ಮ್ಯಾಲ ಜಗಳಾಡಾಕ ನಾ ಎಲ್ಲಿಂದ ಬರ್ಲಿ? ಅದಕ್ಕ ಈಗ ಬಂದೇನಿ.”

ನಾನು ಅರ್ಜಿಯನ್ನು ಹುಡುಕಿ ಅವರೆದುರೇ ಹರಿದೆ. ಅಷ್ಟಕ್ಕೆ ಎದ್ದು ಹೋಗುವರೆಂದುಕೊಂಡರೆ, ಅಜ್ಜ ಬೆಂಚಿನ ಮೇಲೆ ಕಾಲು ಮಡಚಿ ಕುಳಿತರು. “ಅಲ್ರೀ, ಈ ಹಳೇ ಕಣ್ಣ ತಗೊಂಡು ನೀವೇನ್ ಮಾಡ್ತೀರಿ?” ಎಂದು ಕೇಳಿದರು. ಹುಟ್ಟಿನಿಂದ ಕತ್ತಲೆಯಲ್ಲಿರುವ ಮಗುವೊಂದಕ್ಕೆ ಅದರಿಂದ ಬೆಳಕಾಗಬಹುದೆಂದು ವಿವರಿಸಿದೆ. ಅವರು ರುಮಾಲು ಬಿಚ್ಚಿ, ಮತ್ತೆ ಸುತ್ತಿಕೊಂಡರು.

“ಇದನ್ನ ಮೊದಲ ಕೇಳಿದ್ರ ನಾ ಇಲ್ಲಂತಿದ್ನೇನು? ಕಳ್ಳರಂಗ ಯಾಕ ತಗೊಂಡ್ರಿ? ತರ್ರಿ ಬ್ಯಾರೆ ಕಾಗದ.” ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಡೆಗೆ ಒರೆಸಿ, ಬಾಗಿಲಲ್ಲಿ ಹಿಂತಿರುಗಿ ಕೇಳಿದರು: “ಅಂದಂಗ ಸಾಹೇಬ್ರ, ನೀವು ಕೊಟ್ಟೀರೇನು?”

ಆ ಕ್ಷಣಕ್ಕೆ ಸ್ಟಾಂಪ್ ಪ್ಯಾಡಿನ ಮುಚ್ಚಳ ಎಲ್ಲಿಯೋ ಕಳೆದುಹೋದದ್ದು ನನಗೆ ನೆನಪಾಯಿತು. ಮೇಜಿನ ಕೆಳಗೆ ಬಗ್ಗಿ, ಅಜ್ಜ ಹೋಗುವ ತನಕ ಅದನ್ನು ಹುಡುಕಿದೆ.

ಇಷ್ಟಾದ ಮೇಲೆ ಯಾವ ಬುದ್ಧಿವಂತನಾದರೂ ಪಾಠ ಕಲಿಯುತ್ತಿದ್ದ. ನನಗಾದರೋ ಮುದ್ದೇಬಿಹಾಳಕ್ಕೆ ವರ್ಗವಾಯಿತು.

ಅಲ್ಲಿಯ ಹಳ್ಳಿಯೊಂದರ ಅಂಗನವಾಡಿಯಲ್ಲಿ ಗುರುವಾರ ಗುರುವಾರ ಕೂಸುಗಳಿಗೆ ಚುಚ್ಚುಮದ್ದು ಹಾಕುತ್ತಿದ್ದರು. ತಾಯಂದಿರು ಬರುತ್ತಿರಲಿಲ್ಲ. ಸೂಜಿ ಹಾಕಿದ ದಿನ ಕೂಸಿಗೆ ಜ್ವರ ಬರುತ್ತದೆ, ರಾತ್ರಿಯೆಲ್ಲ ಅಳುತ್ತದೆ, ಮರುದಿನದ ತೊಗರಿ ಹೊಲದ ಕೆಲಸ ತಪ್ಪುತ್ತದೆ. ನಾನು ಒಂದು ವಾರ ಯೋಚಿಸಿ, ಬಳೆಗಾರ ಮೌಲಾಸಾಬರನ್ನು ಗೊತ್ತುಮಾಡಿದೆ. ಸೂಜಿ ಹಾಕಿಸಿದ ಪ್ರತಿ ಸಲವೂ ತಾಯಿಗೆ ಎರಡು ಹಸಿರು ಬಳೆ. ಒಂಬತ್ತನೆಯ ತಿಂಗಳ ದಡಾರದ ಸೂಜಿಗೆ ಚಿನ್ನದ ಚುಕ್ಕಿಯ ಬಳೆ. ನಳದ ಮುಂದೆ ಕೊಡ ಹಿಡಿದು ನಿಂತವರ ಕೈ ನೋಡಿದರೆ ಸಾಕು, ಯಾರ ಕೂಸಿಗೆ ಯಾವ ಸೂಜಿ ಬಾಕಿಯಿದೆಯೆಂದು ಇಡೀ ಊರಿಗೆ ತಿಳಿಯಬೇಕು. ಇದು ಗುಟ್ಟು. ಊರಿನ ಆಶಾ ಕಾರ್ಯಕರ್ತೆ ಶಾಂತಾಬಾಯಿಗೆ ಮಾತ್ರ ಅದನ್ನು ಹೇಳಿ, ಹೆಮ್ಮೆಯಿಂದ ಸೇರಿಸಿದೆ: “ಯಾರಿಗೂ ಜುಲುಮಿ ಮಾಡೂದು ಬ್ಯಾಡ. ಎಲ್ಲಾರೂ ನೋಡ್ತಿರ್ತಾರ, ಅಷ್ಟ.”

ಮುಂದಿನ ಗುರುವಾರಗಳಲ್ಲಿ ಅಂಗನವಾಡಿಯ ಅಂಗಳ ಸಾಲಲಿಲ್ಲ. ಒಂದು ದಿನ ಸೂಜಿ ಹಾಕುವ ಸಿಸ್ಟರು ಒಂದು ಕೂಸಿನ ದುಪ್ಪಟಿ ಸರಿಸಿ ನಿಂತೇಬಿಟ್ಟರು.

“ಕಾರ್ಡಿನಾಗ ಹೆಣ್ಣು ಅಂತ ಐತಿ. ಇದು ಗಂಡು ಐತಲ್ಲವಾ?”

“ನಂದು ನಿದ್ದಿ ಮಾಡಾಕತ್ತಿತ್ರಿ,” ಎಂದಳು ತಾಯಿ, ಎರಡೂ ಕೈಗಳನ್ನು ಆಗಲೇ ಮೌಲಾಸಾಬರ ಮುಂದೆ ಚಾಚಿ. “ಎಬ್ಬಿಸಿದ್ರ ಅಳತೈತಂತ ಬಾಜೂ ಮನೀದು ತಂದೇನಿ. ಸೂಜಿ ಯಾರಿಗಾದ್ರೇನ್ರಿ, ಬಳಿ ನನಗ ಹಾಕ್ರಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ಊರಿಗೆ ನಾನು ಬಳೆಯ ಆಸೆಯನ್ನು ಕಲಿಸಿದ್ದೇನೆಯೇ ಹೊರತು ಸೂಜಿಯ ವಿಷಯ ಏನನ್ನೂ ಕಲಿಸಿಲ್ಲ ಎಂಬುದು ಆ ನಗೆಯಲ್ಲಿ ಮುಚ್ಚಿಹೋಯಿತು. ತಾಲೂಕಿನ ಡಾಕ್ಟರ್ ಸಾಹೇಬರು ನನ್ನ ಉಪಾಯವನ್ನು ಮೇಲಕ್ಕೆ ಬರೆದರು. ಅದನ್ನು ನೋಡಲು ಬೆಂಗಳೂರಿನಿಂದಲೇ ಹಿರಿಯ ಅಧಿಕಾರಿಣಿಯೊಬ್ಬರು ಬರುವರೆಂದು ಗೊತ್ತಾಯಿತು.

ಅಷ್ಟರಲ್ಲಿ ಎರಡು ಹಳ್ಳಿಯಾಚೆ ದಡಾರ ಕಾಣಿಸಿಕೊಂಡಿತು. ನಾನು ರಜಿಸ್ಟರು ತೆರೆದೆ. ಊರಿನ ಕೂಸುಗಳೆಲ್ಲ ಇದ್ದವು. ಒಂದು ಮಾತ್ರ ಇರಲಿಲ್ಲ. ಗಂಗವ್ವನ ಮಗಳು. ಮೊದಲ ಸೂಜಿಗೆ ಬಂದದ್ದೇ ಕೊನೆ, ಮುಂದಿನ ಯಾವುದಕ್ಕೂ ಬಂದಿರಲಿಲ್ಲ. ಶಾಂತಾಬಾಯಿಯನ್ನು ಕೇಳಿದರೆ, “ನೀವ ಹೋಗಿ ಕೇಳ್ರಿ ಸಾಹೇಬ್ರ, ನನ್ನ ಬಾಯಾಗ ಬರಂಗಿಲ್ಲ” ಎಂದಳು.

ಹೋದೆ. ಗಂಗವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಕೂಸು ಪಕ್ಕದಲ್ಲಿ ಕುಳಿತು ಮಣ್ಣು ತಿನ್ನುವ ಪ್ರಯತ್ನದಲ್ಲಿತ್ತು.

“ಯಾಕವಾ ಗಂಗವ್ವಾ, ಊರಿನ ತಾಯಂದಿರೆಲ್ಲಾ ಬರ್ತಾರ. ನೀ ಒಬ್ಬಾಕೀನ ಯಾಕ ಬರಂಗಿಲ್ಲ?”

“ಅವ್ರು ಯಾಕ ಬರ್ತಾರ ಹೇಳ್ರಿ?”

“ಕೂಸಿಗೆ ಚೊಲೋ ಆಗಲಿ ಅಂತ.”

“ಸುಳ್ಳ ಹೇಳಬ್ಯಾಡ್ರಿ, ಹಣಿಗಿ ಗೋಪಿಚಂದನ ಹಚ್ಚೀರಿ. ಬಳಿ ಹಾಕ್ತಾರಂತ ಬರ್ತಾರ.” ಅವಳು ಮೊರ ಇಳಿಸಿ ಎರಡೂ ಕೈಗಳನ್ನು ನನ್ನ ಮುಂದೆ ಎತ್ತಿದಳು. ಬರಿಗೈ. “ನನಗೆಲ್ಲಿ ಹಾಕ್ತೀರಿ?”

ಕೂಸು ಹುಟ್ಟುವ ಒಂದು ತಿಂಗಳ ಮೊದಲು ಅವಳ ಗಂಡ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡಿದ್ದ. ಅವಳೇ ಹೇಳಿದಂತೆ, ಮೊದಲ ಸೂಜಿಯ ದಿನ ಅವಳು ಎಲ್ಲರಂತೆ ಸಾಲಿನಲ್ಲಿ ನಿಂತಳು. ಮೌಲಾಸಾಬರು ಅಭ್ಯಾಸಬಲದಿಂದ ಅವಳ ಕೈ ಹಿಡಿದು, ಮುಖ ನೋಡಿ, ಬಿಟ್ಟರು. ಯಾರೋ “ಆಕಿಗೆ ಬ್ಯಾಡ ಬಿಡ್ರಿ” ಎಂದರು.

“ಕೂಸಿಗೊಂದು ಚುಚ್ಚಿದ್ರಿ, ನನಗೊಂದು ಚುಚ್ಚಿ ಕಳಿಸಿದ್ರಿ,” ಎಂದಳು ಗಂಗವ್ವ. “ಅದು ಸೂಜಿ ಹಾಕೂ ಜಾಗಾನೋ, ಮುತ್ತೈದೇರ ಉಡಿ ತುಂಬೂ ಜಾಗಾನೋ? ಉಡಿ ತುಂಬೂದಾದ್ರ ನಾ ಯಾಕ ಬರ್ಲಿ?”

ಕಿರಿಯರೇ, ಯಾವ ಮಂಗಳಕಾರ್ಯದಲ್ಲಿ ಯಾರನ್ನು ಮುಂದೆ ಕರೆಯುತ್ತಾರೆ, ಯಾರನ್ನು ಹಿಂದೆ ನಿಲ್ಲಿಸುತ್ತಾರೆ ಎಂಬುದನ್ನು ಹುಟ್ಟಿದಂದಿನಿಂದ ಕಂಡ ಮನೆಯವನು ನಾನು. ಬೇರೆ ಯಾರಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು. ನಮ್ಮ ಮನೆಯಲ್ಲಿ ಹಿಂದೆ ನಿಂತವರು ಎಷ್ಟು ಕಾಲ ಹಿಂದೆಯೇ ನಿಂತಿದ್ದರೆಂದರೆ, ನನ್ನ ಕಣ್ಣಿಗೆ ಅವರು ಕಾಣುವುದೇ ನಿಂತುಹೋಗಿತ್ತು. ಆ ಕುರುಡುತನಕ್ಕೇ ನಾನು ಹಸಿರು ಬಳೆ ತೊಡಿಸಿ ಸರಕಾರದ ಯೋಜನೆ ಮಾಡಿದ್ದೆ.

ಆದರೂ ಹಳೆಯ ಚಾಳಿ ಬಿಡಲಿಲ್ಲ. “ನಿನಗ ಬಳಿ ಬದಲು ಒಂದು ಸ್ಟೀಲ್ ಡಬ್ಬಿ ಕೊಡಸ್ತೇನಿ,” ಎಂದೆ.

ಅವಳು ನಕ್ಕಳು. “ಮತ್ತೊಂದು ಆಟ ಹೂಡಿದ್ರೇನು? ಡಬ್ಬಿ ಹಿಡಕೊಂಡು ಬರಾಕೀನ ನೋಡಿದ್ರ ಊರಿಗೆಲ್ಲಾ ಗೊತ್ತಾಗತೈತಿ, ರಂಡಿ ಹೊಂಟ್ಲು ಅಂತ. ದಡಾರ ಅಂದ್ರೇನು, ಸೂಜಿ ಹಾಕಿದ್ರ ಜ್ವರ ಯಾಕ ಬರತೈತಿ, ಒಮ್ಮೆರ ಈ ಊರಾಗ ಯಾರಿಗರ ಹೇಳೀರೇನು?”

ಬಾಯಿ ತೆರೆದೆ. ಅಷ್ಟರಲ್ಲಿ ಓಣಿಯ ತುದಿಯಿಂದ ಡಾಕ್ಟರ್ ಸಾಹೇಬರ ಜೀಪು ಹಾರ್ನ್ ಹೊಡೆಯಿತು. “ಗುರುವಾರ ಬಾರವಾ, ಎಲ್ಲಾ ಹೇಳ್ತೇನಿ,” ಎಂದು ಎದ್ದೆ.

“ಬರ್ತೇನಿ ತಗೋರಿ,” ಎಂದು ಅವಳು ಮತ್ತೆ ನಕ್ಕಳು. ಆ ಎರಡನೆಯ ನಗುವಿಗೆ ನಾನು ಹೆದರಬೇಕಿತ್ತು.

ಗುರುವಾರ ಅಂಗಳಕ್ಕೆ ರಂಗೋಲಿ ಹಾಕಿದ್ದರು. ಬೆಂಗಳೂರಿನ ಮೇಡಂ ಕುರ್ಚಿಯಲ್ಲಿ, ಡಾಕ್ಟರ್ ಸಾಹೇಬರು ಪಕ್ಕದಲ್ಲಿ, ನಾನು ಹೊಸ ಧೋತರದಲ್ಲಿ. ತಾಯಂದಿರು ಮೊಣಕೈಯವರೆಗೆ ಹಸಿರಾಗಿ ಕುಳಿತಿದ್ದರು. ಸಾಲಿನ ಕೊನೆಯಲ್ಲಿ ಗಂಗವ್ವ ಬಂದಳು. ಕೂಸನ್ನು ಸಿಸ್ಟರ ಕೈಗೆ ಕೊಡಲಿಲ್ಲ. ಸೊಂಟಕ್ಕೆ ಸೆರಗಿನಿಂದ ಬಿಗಿದುಕೊಂಡೇ ಮೌಲಾಸಾಬರ ಮುಂದೆ ಕುಳಿತು, ಎರಡೂ ಬರಿಗೈಗಳನ್ನು ಚಾಚಿದಳು.

ಮೌಲಾಸಾಬರು ನನ್ನನ್ನು ನೋಡಿದರು. “ಏನ್ ಮಾಡ್ಲಿ ಸಾಹೇಬ್ರ?”

ಊರೆಲ್ಲ ನನ್ನನ್ನು ನೋಡಿತು. ಹಾಕು ಎಂದರೆ ಊರ ಹಿರಿಯರು ಮುನಿಯುತ್ತಾರೆ, ನನ್ನ ಮಡಿಯ ಹೆಸರು ಹೋಗುತ್ತದೆ. ಬೇಡವೆಂದರೆ ಗಂಗವ್ವ ಎದ್ದು ಹೋಗುತ್ತಾಳೆ, ಕೂಸಿನ ಸೂಜಿ ತಪ್ಪುತ್ತದೆ, ದಡಾರ ಎರಡೇ ಹಳ್ಳಿಯಾಚೆಯಿದೆ. ಗಂಗವ್ವ ತಲೆಯೆತ್ತದೆ, ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದಳು:

“ಯಾರಿಗೂ ಜುಲುಮಿ ಇಲ್ಲಂತಲ್ರೀ ಸಾಹೇಬ್ರ. ಎಲ್ಲಾರೂ ನೋಡ್ತಿರ್ತಾರ, ಅಷ್ಟ.”

ಶಾಂತಾಬಾಯಿ ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತಿದ್ದಳು. ಗುಟ್ಟು ಎಲ್ಲಿಂದ ಹೋಯಿತೆಂದು ವಿಚಾರಿಸುವ ಅಗತ್ಯವಿರಲಿಲ್ಲ. ತಿವಿಸಿಕೊಳ್ಳುವುದೆಂದರೆ ಏನೆಂದು ನನಗೆ ಮೊದಲ ಬಾರಿ ತಿಳಿಯಿತು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಉಸಿರಾಡಲು ಮಾತ್ರ ಜಾಗವಿರಲಿಲ್ಲ.

“ಪೆಟ್ಟಿಗೆ ಮುಚ್ಚಿರಿ ಮೌಲಾಸಾಬ್,” ಎಂದೆ. ಆಮೇಲೆ ಗುಟ್ಟನ್ನು ನನ್ನ ಬಾಯಿಂದಲೇ ಒಡೆದೆ. ಬಳೆ ಪ್ರೀತಿಗೆ ಕೊಟ್ಟದ್ದಲ್ಲ, ಯಾರು ಬರಲಿಲ್ಲವೆಂದು ನೀವೇ ಒಬ್ಬರ ಕೈ ಒಬ್ಬರು ನೋಡಿ ಕಾವಲಿರಬೇಕೆಂದು ಕೊಟ್ಟದ್ದು ಎಂದೆ.

“ಅಂದ್ರ ನಾವು ಕುರಿ ಕಿವಿಗೆ ಗುರುತು ಹಾಕಿಸಿಕೊಂಡಂಗ ಹಾಕಿಸಿಕೊಂಡ್ವೇನು?” ಎಂದು ಒಬ್ಬಳು ಎದ್ದಳು. ಬಾಜೂ ಮನೆಯ ಕೂಸು ತಂದಿದ್ದವಳು ಮಾತ್ರ ಕುಳಿತಲ್ಲಿಂದಲೇ, “ಗುರುತು ಬಿಡ್ರಿ ಸಾಹೇಬ್ರ, ಬಳಿ ಬಿಡಬ್ಯಾಡ್ರಿ” ಎಂದಳು.

ಮೇಡಂ ಡಾಕ್ಟರ್ ಸಾಹೇಬರತ್ತ ತಿರುಗಿ, “ಇದನ್ನು ತಾಯಂದಿರಿಗೆ ಮೊದಲೇ ತಿಳಿಸಿರಲಿಲ್ಲವೇ?” ಎಂದರು.

“ತಿಳಿಸಿದರೆ ಇದು ನಡೆಯುವುದಿಲ್ಲ ಮೇಡಂ,” ಎಂದರು ಡಾಕ್ಟರ್ ಸಾಹೇಬರು. ಅವರ ಸೇವಾವಧಿಯಲ್ಲಿ ಅಷ್ಟು ನಿಜವಾದ ವಾಕ್ಯವನ್ನು ನಾನು ಅವರಿಂದ ಬೇರೆ ಕೇಳಿಲ್ಲ.

ಗಂಗವ್ವ ಇನ್ನೂ ಕುಳಿತೇ ಇದ್ದಳು. “ಈಗ ದಡಾರ ಅಂದ್ರೇನು ಹೇಳ್ರಿ.” ಹೇಳಿದೆ. ಅದು ಹೇಗೆ ಹರಡುತ್ತದೆ, ಕಣ್ಣು ಕಿವಿಗೆ ಏನು ಮಾಡಬಲ್ಲದು, ಸೂಜಿಯ ನಂತರದ ಜ್ವರ ಯಾಕೆ, ಅದಕ್ಕೆ ಏನು ಮಾಡಬೇಕು. ಅಷ್ಟು ವರ್ಷಗಳ ಶಿಕ್ಷಣಾಧಿಕಾರಿಯು ಶಿಕ್ಷಣ ಕೊಟ್ಟ ಮೊದಲ ದಿನ ಅದು. ಕೇಳಿ ಮುಗಿಸಿ ಅವಳು ಕೂಸನ್ನು ಸಿಸ್ಟರ ಕೈಗೆ ಕೊಟ್ಟಳು. ಕೂಸು ಊರು ಕೇಳುವಂತೆ ಅತ್ತಿತು. ಆಮೇಲೆ ಗಂಗವ್ವ ಮೌಲಾಸಾಬರನ್ನು ಕೇಳಿದಳು: “ಕೂಸಿನ ಕರಿಬಳಿ ಅದಾವೇನ್ರಿ ಚಾಚಾ? ಸೂಜಿ ಹಾಕಿಸಿಕೊಂಡದ್ದು ಅದು. ಬಳಿ ಅವ್ವಗ ಯಾಕ ಹಾಕ್ತಿದ್ರೋ, ನನಗಂತೂ ತಿಳೀಲಿಲ್ಲ.”

ದೃಷ್ಟಿ ತಾಗದಿರಲೆಂದು ಎಲ್ಲ ಕೂಸುಗಳಿಗೂ ಹಾಕುವ ಆ ಪುಟ್ಟ ಕರಿಬಳೆಗೆ ತಾಯಿ ಮುತ್ತೈದೆಯೋ ಅಲ್ಲವೋ ಎಂಬ ವಿಚಾರಣೆಯಿಲ್ಲ. ಮೌಲಾಸಾಬರು ಪೆಟ್ಟಿಗೆ ತೆರೆದರು.

ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಮತ್ತೊಂದು ಸುಳ್ಳು ಸೇರುತ್ತದೆ. ಮುಂದಿನ ಗುರುವಾರ ಅರ್ಧ ಅಂಗಳ ಖಾಲಿಯಿತ್ತು. ನನಗೆ ಕಾರಣ ಕೇಳಿ ನೋಟಿಸು ಬಂತು. ಗಂಗವ್ವನೂ ನಾನೂ ಮನೆಮನೆಗೆ ಹೋಗಿ, ಬೈಸಿಕೊಂಡು, ಮಜ್ಜಿಗೆ ಕುಡಿದು, ಹೇಳಿದ್ದನ್ನೇ ಹೇಳಬೇಕಾಯಿತು. ಆ ಅಂಗಳ ಮತ್ತೆ ತುಂಬಲು ಬಳೆಗಿಂತ ಬಹಳ ಹೆಚ್ಚು ಕಾಲ ಹಿಡಿಯಿತು. ದಡಾರ ಆ ಊರಿಗೂ ಬಂದು ಒಂದೆರಡು ಮನೆ ಮುಟ್ಟಿ ಹೋಯಿತು. ಗಂಗವ್ವನ ಮಗಳನ್ನು ಮುಟ್ಟಲಿಲ್ಲ. ಕೆಲವು ವರ್ಷಗಳ ನಂತರ ಶಾಂತಾಬಾಯಿ ಆ ಕೆಲಸ ಬಿಟ್ಟಾಗ ಊರವರು ಗಂಗವ್ವನನ್ನೇ ಆಶಾ ಕಾರ್ಯಕರ್ತೆಯಾಗಿ ಆರಿಸಿದರು.

ನಾನು ಬಸವನ ಬಾಗೇವಾಡಿಯಲ್ಲಿ ನಿವೃತ್ತನಾಗಿ ಅಲ್ಲಿಯೇ ನೆಲೆಸಿದ್ದೇನೆ. ಈಚೆಗೆ ಅಲ್ಲಿ ಅಕ್ಕಪಕ್ಕದ ತಾಲೂಕುಗಳ ಆಶಾ ಕಾರ್ಯಕರ್ತೆಯರಿಗೆ ತರಬೇತಿ ನಡೆಯಿತು. ಹಳಬನೆಂದು ನನ್ನನ್ನೂ ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ತರಬೇತಿ ಕೊಡಲು ಬಂದ ತರುಣರು ಬಹಳ ಚುರುಕಿನವರು. ಹಾಜರಿಗಾಗಿ ಎಲ್ಲರೂ ತಂತಮ್ಮ ಮೊಬೈಲಿನಲ್ಲಿ ಒಂದು ಅರ್ಜಿ ತುಂಬಬೇಕಿತ್ತು. ನನ್ನ ಹೆಸರನ್ನು ಅವರೇ ತುಂಬಿ, “ಕೆಳಗಿನ ಗುಂಡಿ ಒತ್ತಿಬಿಡಿ ಸರ್” ಎಂದರು. ಬೆರಳು ಮುಂದೆ ಮಾಡಿದೆ. ಹಿಂದಿನಿಂದ ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಬಳೆಯಿಲ್ಲದ ಕೈ, ಕೈಗಡಿಯಾರವಿತ್ತು.

“ಓದಿದ್ರೇನು ಸಾಹೇಬ್ರ?”

“ಇಲ್ಲವಾ ಗಂಗವ್ವಾ.”

“ಕಣ್ಣ ಬರದು ಕೊಡಾಕತ್ತಿದ್ರಿ.”

ಅರ್ಜಿಯ ಕೊನೆಯಲ್ಲಿ ನೇತ್ರದಾನದ ಸಾಲು, ಅದರ ಮುಂದೆ ಮೊದಲೇ ಹಾಕಿಟ್ಟ ಸರಿ ಗುರುತು. ತರುಣರು ಮುಗುಳ್ನಗುತ್ತ ಹೇಳಿದರು: “ಬೇಡ ಅಂದರೆ ತೆಗೆಯಬಹುದು ಅಕ್ಕಾ. ಯಾರಿಗೂ ಬಲವಂತ ಇಲ್ಲ.”

ನಾನೂ ಗಂಗವ್ವನೂ ಪರಸ್ಪರ ಮುಖ ನೋಡಿಕೊಂಡೆವು. ಮೊದಲು ನಕ್ಕವಳು ಅವಳು. ನಕ್ಕು, ಆ ಗುರುತನ್ನು ತನ್ನ ಬೆರಳಿನಿಂದ ತೆಗೆದಳು.

“ಈಗ ನಾ ಕೇಳ್ತೇನಿ ಸಾಹೇಬ್ರ. ಸತ್ತ ಮ್ಯಾಲ ಕಣ್ಣ ಕೊಡ್ತೀರೋ ಇಲ್ಲೋ? ಬ್ಯಾಡಂದ್ರ ಬ್ಯಾಡ ಅನ್ರಿ. ಚಾ ಕುಡದು ಹೋಗೂನು.”

ಈ ಸಲ ಹುಡುಕಲು ಸ್ಟಾಂಪ್ ಪ್ಯಾಡಿನ ಮುಚ್ಚಳವಿರಲಿಲ್ಲ. “ಎರಡು ದಿವಸ ಕೊಡವಾ,” ಎಂದೆ. ಅಂತ್ಯಸಂಸ್ಕಾರಕ್ಕೆ ದೇಹ ಪೂರ್ಣವಾಗಿರಬೇಕಲ್ಲವೇ ಎಂಬ ಅಳುಕು ನನ್ನೊಳಗೆ ಸಿಂದಗಿಯ ದಿನಗಳಿಂದಲೂ ಇತ್ತು. ಊರವರ ಕಣ್ಣುಗಳನ್ನೆಲ್ಲ ಬರೆಸಿಕೊಂಡವನು ಅದನ್ನು ಯಾರಿಗೂ ಹೇಳಿರಲಿಲ್ಲ. ಎರಡು ದಿನವೂ ಸಂಗಪ್ಪಜ್ಜ ರುಮಾಲು ಬಿಚ್ಚಿ ಸುತ್ತಿಕೊಂಡದ್ದು ಕಣ್ಣ ಮುಂದೆ ಬಂತು. ಅವರಿಗೆ ಅಷ್ಟು ಹೊತ್ತು ಸಾಕಾಗಿತ್ತು. ಮೂರನೆಯ ದಿನ ಪೂಜೆ ಮುಗಿಸಿ, ಕನ್ನಡಕ ಧರಿಸಿ, ಮೊಬೈಲಿನಲ್ಲಿದ್ದ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಖಾಲಿ ಚೌಕದಲ್ಲಿ ನಾನೇ ಗುರುತು ಹಾಕಿ, ಗಂಗವ್ವನಿಗೆ ಫೋನು ಮಾಡಿದೆ.

“ಬರದೆ ನೋಡವಾ.”

“ಯಾರರ ನೋಡಾಕತ್ತಿದ್ರೇನ್ರಿ?”

“ಇಲ್ಲ. ದೇವರ ಹೊರತು ಯಾರೂ ಇದ್ದಿಲ್ಲ.”

“ಹಂಗಾದ್ರ ಆತು ಬಿಡ್ರಿ,” ಎಂದಳು.

ಇಂಡಿಯ ಗೋಡೆಯ ಮೇಲೆ ಇಂದಿಗೂ ಬೇಸರವಿಲ್ಲದೆ ಪಾಳಿಯಲ್ಲಿರುವ ಪ್ರಾಣದೇವರು ಆ ಪೇಂಟರನನ್ನು ಕಾಯಲಿ. ಸಂಗಪ್ಪಜ್ಜನ ಕಣ್ಣುಗಳು ಯಾವ ಮುಖದಲ್ಲಿದ್ದರೂ ಚೆನ್ನಾದುದನ್ನೇ ಕಾಣಲಿ. ಮೌಲಾಸಾಬರ ಪೆಟ್ಟಿಗೆ ಎಂದೂ ಬರಿದಾಗದಿರಲಿ. ಅಂದು ಎರವಲು ಬಂದ ಆ ಗಂಡುಕೂಸಿಗೂ, ಮನೆಯಲ್ಲಿ ನಿದ್ರಿಸುತ್ತಿದ್ದ ಅದರ ಗೆಳತಿಗೂ ದೀರ್ಘಾಯುಷ್ಯವಿರಲಿ. ನಿಜ ನುಡಿದ ಡಾಕ್ಟರ್ ಸಾಹೇಬರಿಗೂ, ಗುಟ್ಟು ಉಳಿಸಿಕೊಳ್ಳಲಾಗದ ಶಾಂತಾಬಾಯಿಗೂ, ಮೊದಲೇ ಗುರುತು ಹಾಕಿಟ್ಟ ಆ ಚುರುಕು ತರುಣರಿಗೂ ಶುಭವಾಗಲಿ. ಅವರಿಗೊಬ್ಬ ಗಂಗವ್ವ ಬೇಗ ಸಿಗಲಿ. ಕರಿಬಳೆ ತೊಟ್ಟಿದ್ದ ಕೂಸು ಈಗ ಶಾಲೆಗೆ ಹೋಗುತ್ತದೆ. ಎದುರು ಕುಳಿತವರನ್ನು ‘ಯಾಕೆ’ ಎಂದು ಕೇಳದೆ ಬಿಡುವುದಿಲ್ಲವಂತೆ. ಆ ಪ್ರಶ್ನೆಯನ್ನು ಒಳಗೆ ಕುಳಿತು ಪ್ರೇರಿಸುವವನು ಅವಳನ್ನೂ, ಉತ್ತರ ಕೊಡಬೇಕಾದ ನಿಮ್ಮನ್ನೂ ಹರಸಲಿ.